ಆಮೆಯ ನಂಬರು

ಮಾರ್ಚ್ 3

ಪ್ರೀತಿಯ ಅತ್ತೆಗೆ ನಮಸ್ಕಾರ,

ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧಕ್ಕೆ ನೀವು ಉತ್ತರ ಕೊಡುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹಾಯಿದೋಣಿ ಕ್ಲಬ್ಬಿನವರು ನನ್ನನ್ನು ಓಟದ ಕಾರ್ಯದರ್ಶಿ ಮಾಡಿದ್ದಾರೆ. ನೀರಿನೊಳಕ್ಕೆ ಚಾಚಿದ ಜೆಟ್ಟಿಯ ತುದಿಯಲ್ಲಿ ನೀವು ಇಪ್ಪತ್ತೆರಡು ವರ್ಷ ಕೂತ ಕಬ್ಬಿಣದ ಕುರ್ಚಿ, ಸ್ಟಾಪ್‌ವಾಚು, ಸೀಟಿ ಎಲ್ಲ ಈಗ ನನ್ನ ಪಾಲಿಗೆ ಬಂದಿವೆ. ನೀವು ಮಗಳ ಮನೆಗೆ ಹೋದ ಮೇಲೆ ಎರಡು ವರ್ಷ ಬೇಕರಿಯವರು ತಾವೂ ಓಡಿಸಿ ತಾವೇ ಸಮಯ ಬರೆದರು. ಓಡಿಸದವರೊಬ್ಬರು ಬೇಕು ಅಂತ ಈಗ ನನ್ನ ಕೊರಳಿಗೆ ಕಟ್ಟಿದ್ದಾರೆ. ಔಷಧಿ ಅಂಗಡಿಗೆ ಭಾನುವಾರ ರಜೆ ಅನ್ನುವುದೇ ನನ್ನ ಅರ್ಹತೆ.

ಕೂತ ದಿನವೇ ಜಗಳ. ಗೆದ್ದವರಿಗೆ ಕೊಡುವ ಕಪ್ಪು ಕಳೆದ ಸೀಸನ್ನಿನಲ್ಲಿ ಬೇಕರಿಯವರಿಗೆ ಎರಡು ಸೆಕೆಂಡಿನಲ್ಲಿ ತಪ್ಪಿತಲ್ಲ, ಆ ಎರಡು ಸೆಕೆಂಡು ಅವರ ಗಂಟಲಲ್ಲಿ ಇನ್ನೂ ಇಳಿದಿಲ್ಲ. ನಂಬರುಗಳೇ ಸರಿಯಿಲ್ಲ ಅನ್ನುತ್ತಾರೆ. ನಮ್ಮಲ್ಲಿರುವುದು ಐದು ದೋಣಿ, ಐದೂ ಐದು ತರಹ. ಹಗುರದ್ದೂ ಭಾರದ್ದೂ ಒಟ್ಟಿಗೆ ಓಡಬೇಕಾದರೆ ಒಂದೊಂದಕ್ಕೂ ಹ್ಯಾಂಡಿಕ್ಯಾಪ್ ನಂಬರು ಬೇಕು. ನಿಧಾನದ ದೋಣಿಗೆ ದೊಡ್ಡ ನಂಬರು. ಓಡಿದ ಸಮಯವನ್ನು ನಂಬರಿನಿಂದ ಭಾಗಿಸಿದರೆ ಗೆದ್ದವರು ಯಾರೆಂದು ತಿಳಿಯುತ್ತದೆ. ಇಷ್ಟು ನನಗೂ ಗೊತ್ತು. ಆದರೆ ಆ ನಂಬರುಗಳನ್ನು ನೀವು ಹೇಗೆ ಹಾಕಿದಿರಿ ಅನ್ನುವುದು ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷ ಯಾರೂ ಕೇಳಿಯೂ ಇಲ್ಲ. ‘ಹೆಡ್‌ಮಿಸ್ ಬರೆದಿದಾರೆ’ ಅಂದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತಂತೆ.

ಈಗ ಎತ್ತು ಏರಿಗೆ, ಕೋಣ ನೀರಿಗೆ. ಹಲ್ಲಿನ ಡಾಕ್ಟರು ಟೇಪು ಹಿಡಿದು ದೋಣಿ ಅಳೆಯೋಣ ಅನ್ನುತ್ತಾರೆ. ಬೇಕರಿಯವರು ದೋಣಿಗಲ್ಲ, ಆಳಿಗೆ ನಂಬರು ಕೊಡಿ, ಸೋತವನಿಗೆ ಮುಂದಿನ ವಾರ ಸ್ವಲ್ಪ ಏರಿಸಿ ಅನ್ನುತ್ತಾರೆ. ಆಗಸ್ಟಿನ ಕಪ್ಪಿನ ಓಟದೊಳಗೆ ನಾನು ಒಂದು ಪದ್ಧತಿ ಆರಿಸಿ ಸಭೆಯ ಮುಂದಿಡಬೇಕು.

ಇನ್ನೊಂದು ಮಾತು. ಅಪ್ಪನ ಭುಜ ನೋಡಿದ ವೈದ್ಯರು ಇದೇ ಕೊನೆಯ ಸೀಸನ್ ಅಂದುಬಿಟ್ಟಿದ್ದಾರೆ. ಮರಗೆಲಸಕ್ಕೆ ಅಡ್ಡಿಯಿಲ್ಲವಂತೆ, ಹಾಯಿಯ ಹಗ್ಗ ಎಳೆಯುವಂತಿಲ್ಲ. ಕ್ಲಬ್ಬಿನ ಗೋಡೆಯ ಮೇಲಿನ, ಕಪ್ಪು ಗೆದ್ದವರ ಹೆಸರಿನ ಬೋರ್ಡನ್ನು ನಿನ್ನೆ ಒರೆಸಿದೆ. ಅಲ್ಲಿ ಎಲ್ಲರೂ ಇದ್ದಾರೆ, ಅಪ್ಪ ಒಬ್ಬರೇ ಇಲ್ಲ. ಒಂದು ಸಲವಾದರೂ ಅಲ್ಲಿ ಅವರನ್ನು ನೋಡಬೇಕು ಅಂತ ನನಗೆ ಆಸೆ. ಕಾರ್ಯದರ್ಶಿಗೆ ಇಂಥ ಆಸೆ ಇರಬಾರದು ಅಂತ ನೀವು ಬೈಯುತ್ತೀರಿ, ಬೈಯಿರಿ.

ನಿಮ್ಮ ತಮ್ಮನ ಮಗಳು


ಮಾರ್ಚ್ 15

ಚಿರಂಜೀವಿ ಗುಳಿಗೆಗೆ ಆಶೀರ್ವಾದಗಳು.

ಅಂಗಡಿಯ ಬೋರ್ಡಿನಲ್ಲಿ ನಿನಗೆ ಪೂರಾ ಹೆಸರು ಇರಬಹುದು, ನನಗೆ ನೀನು ಗುಳಿಗೆಯೇ. ನಿನ್ನ ಕಾಗದದಲ್ಲಿ ಮೂರು ಕಡೆ ಪೂರ್ಣವಿರಾಮ ಹಾಕಿಲ್ಲ.

ಆಳಿಗೆ ನಂಬರು ಕೊಡುವುದು ಬೇಡ. ಹಿಂದಿನ ಪರೀಕ್ಷೆಯಲ್ಲಿ ಫೇಲಾದವನಿಗೆ ಈ ಸಲ ಹತ್ತು ಮಾರ್ಕು ಮುಂಗಡ ಕೊಟ್ಟ ಹಾಗಾಗುತ್ತದೆ. ಕಪ್ಪಿನ ಹಿಂದಿನ ವಾರ ಎಲ್ಲರೂ ಬೇಕೆಂದೇ ಸೋಲಲು ಕೂರುತ್ತಾರೆ. ಬೇಕರಿಯವನು ಎಲ್ಲರಿಗಿಂತ ಮೊದಲು ಸೋಲುತ್ತಾನೆ. ನಂಬರು ದೋಣಿಗೆ, ಮನುಷ್ಯನಿಗಲ್ಲ. ಇದನ್ನು ಗಟ್ಟಿಯಾಗಿ ಹಿಡಿದುಕೋ. ಟೇಪು ಅಷ್ಟೋ ಇಷ್ಟೋ ದಾರಿ ತೋರಿಸುತ್ತದೆ. ಆದರೆ ಅಳತೆ ಸರಿಯಿದ್ದ ಮಾತ್ರಕ್ಕೆ ಅಂಗಿ ಮೈಗೆ ಕೂರುತ್ತದೆ ಅಂತಲ್ಲ.

ನಾನು ಹಾಕಿದ ನಂಬರುಗಳನ್ನು ಹೇಗೆ ಹಾಕಿದೆ ಅಂದರೆ, ನೋಡಿದೆ, ಓಡಿಸಿದೆ, ಬರೆದೆ. ಅಷ್ಟೆ.

ತಮ್ಮನ ಭುಜದ ವಿಷಯ ನೀನು ಎರಡೇ ಸಾಲಿನಲ್ಲಿ ಮುಗಿಸಿದ್ದೀಯ. ಯಾವ ಭುಜ? ರಾತ್ರಿ ಮಲಗಿದಾಗ ನೋಯುತ್ತದೆಯೋ, ಕೈ ಎತ್ತಿದಾಗಲೋ? ಒದ್ದೆ ಹಾಯಿಯನ್ನು ಒಬ್ಬನೇ ಮಡಚುತ್ತಾನೋ, ಯಾರಾದರೂ ಇನ್ನೊಂದು ತುದಿ ಹಿಡಿಯುತ್ತಾರೋ? ವಿವರವಾಗಿ ಬರೆ.

ಇಲ್ಲಿ ಮೂರನೆಯ ಮಹಡಿಯ ಕಿಟಕಿಯಿಂದ ಎದುರು ಮನೆಯ ನೀರಿನ ಟ್ಯಾಂಕು ಬಿಟ್ಟರೆ ಬೇರೆ ನೀರು ಕಾಣುವುದಿಲ್ಲ.

ಅತ್ತೆ


ಏಪ್ರಿಲ್ 2

ಪ್ರೀತಿಯ ಅತ್ತೆ,

ಬಲ ಭುಜ. ಕೈ ಎತ್ತಿದರೂ ನೋವು, ಮಲಗಿದರೂ ನೋವು, ಕೇಳಿದರೆ ಎರಡೂ ಇಲ್ಲ. ಹಾಯಿಯನ್ನು ಒಬ್ಬರೇ ಮಡಚುತ್ತಾರೆ. ನಾನು ತುದಿ ಹಿಡಿಯಲು ಹೋದರೆ ‘ಬೇಡಮ್ಮ, ಬಿಡು’ ಅನ್ನುತ್ತಾರೆ. ಯಾರನ್ನೂ ಹತ್ತಿರ ಬಿಡುವುದಿಲ್ಲ. ಆ ಹಾಯಿಯಲ್ಲಿ ಏನು ಚಿನ್ನ ಕಟ್ಟಿಟ್ಟಿದ್ದಾರೋ ಕಾಣೆ.

ಡಾಕ್ಟರ ಮಾತಿನಂತೆ ಐದೂ ದೋಣಿ ಅಳೆದೆವು. ಉದ್ದ, ತೂಕ, ಹಾಯಿಯ ವಿಸ್ತಾರ. ದಿನವಿಡೀ ಮಿಲಿಗ್ರಾಂ ಲೆಕ್ಕದಲ್ಲಿ ಬದುಕುವವಳು ನಾನು, ತಪ್ಪಲು ಬಿಡಲಿಲ್ಲ. ಅತ್ತೆ, ನಿಮ್ಮ ಕಣ್ಣಿಗೆ ಕೈ ಮುಗಿಯಬೇಕು. ನಾಲ್ಕು ದೋಣಿಗಳಿಗೆ ನೀವು ಕಣ್ಣಳತೆಯಲ್ಲಿ ಹಾಕಿದ ನಂಬರಿಗೂ ಟೇಪು ಹೇಳಿದ್ದಕ್ಕೂ ಐದು ಅಂಕಿಗಿಂತ ಹೆಚ್ಚು ವ್ಯತ್ಯಾಸವಿಲ್ಲ. ಡಾಕ್ಟರ ದೋಣಿ ಬೆಳ್ಳಕ್ಕಿಗೆ ನೀವು ಹಾಕಿದ್ದು 1000, ಟೇಪು ಹೇಳಿದ್ದೂ 1000.

ಅಪ್ಪನ ಆಮೆ ಒಂದೇ ತಾಳೆಯಾಗುವುದಿಲ್ಲ. ಅಪ್ಪ ತಮ್ಮ ಕೈಯಾರೆ ಮಾಡಿದ ದೋಣಿ, ಐದರಲ್ಲೂ ಅದೇ ಭಾರ, ಹಾಯಿಯೂ ಅದರದ್ದೇ ಚಿಕ್ಕದು. ಟೇಪಿನ ಪ್ರಕಾರ ನಂಬರು ಸಾವಿರದ ನೂರು ದಾಟಬೇಕು. ನಿಮ್ಮ ದುಂಡು ಅಕ್ಷರದಲ್ಲಿ ಇರುವುದು 1060. ಅಂದರೆ ಗಂಟೆಗೆ ಎರಡು ಮೂರು ನಿಮಿಷ ಅಪ್ಪನಿಗೆ ಕಡಿಮೆ ಸಿಕ್ಕಿದೆ. ಬರೆಯುವಾಗ ಕೈತಪ್ಪಾಯಿತೇ ಅತ್ತೆ? ನಿಮಗೆ ಕೈತಪ್ಪಾಗುವುದನ್ನು ನಾನು ಕಂಡಿಲ್ಲ, ಆದರೂ ಕೇಳುತ್ತಿದ್ದೇನೆ.

ಡಾಕ್ಟರು ಒಪ್ಪಲಿಲ್ಲ. ‘ಟೇಪು ಎಲ್ಲ ಹೇಳಲ್ಲಮ್ಮ. ನಿಮ್ಮಪ್ಪ ಅದೇ ನಂಬರಲ್ಲಿ ಎಷ್ಟೋ ಸಲ ಎರಡನೇ ಸ್ಥಾನ ಬಂದಿದಾರೆ. ದೋಣಿ ಅಷ್ಟು ನಿಧಾನ ಆಗಿದ್ರೆ ಹೇಗೆ ಬರ್ತಿದ್ರು?’ ಅಂದರು. ನಾನು ಟೇಪು ಸುತ್ತಿಟ್ಟೆ. ಮೇಲಾಗಿ ನಾನು ಮಗಳು. ನನ್ನ ಕೈಯಿಂದಲೇ ಅಪ್ಪನ ನಂಬರು ಏರಿಸಿದರೆ ಊರು ಸುಮ್ಮನಿರುತ್ತದೆಯೇ?

ಅಪ್ಪನನ್ನು ಕೇಳಿದೆ. ಹಲಗೆ ಉಜ್ಜುತ್ತಿದ್ದವರು ತಲೆ ಎತ್ತಲಿಲ್ಲ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಸಾಲಿಗೆ ನನ್ನ ಸೇರಿಸಬೇಡ’ ಅಂದರು.

ನಿಮ್ಮ ಗುಳಿಗೆ


ಮೇ 9

ಚಿ. ಗುಳಿಗೆಗೆ,

ಉತ್ತರ ತಡವಾಯಿತು. ಪೆನ್ನು ಎಲ್ಲೋ ಇಟ್ಟಿದ್ದೆ.

ಡಾಕ್ಟರು ಕೇಳಿದ ಪ್ರಶ್ನೆ ಒಳ್ಳೆಯ ಪ್ರಶ್ನೆ. ಓಟದ ಫಲಿತಾಂಶ ನೋಡಿದರೆ ದೋಣಿಯೂ ಮನುಷ್ಯನೂ ಹಾಲಿಗೆ ನೀರು ಬೆರೆತ ಹಾಗೆ ಬೆರೆತಿರುತ್ತಾರೆ. ಒಳ್ಳೆಯ ದೋಣಿಯೋ, ಒಳ್ಳೆಯ ಕೈಯೋ ಅಂತ ಗೊತ್ತಾಗುವುದಿಲ್ಲ. ಬೇರೆ ಮಾಡಲು ಒಂದೇ ದಾರಿ. ಐದು ಭಾನುವಾರ ದೋಣಿಗಳನ್ನು ಅದಲುಬದಲು ಮಾಡಿ. ಒಬ್ಬೊಬ್ಬರೂ ಐದೂ ದೋಣಿಗಳನ್ನು ಒಂದೊಂದು ಸಲ ಓಡಿಸಲಿ. ಕೊನೆಗೆ ಪ್ರತಿ ದೋಣಿಯ ಐದು ಓಟದ ಸಮಯವನ್ನು ಕೂಡು. ಐದೂ ಕೈಗಳು ಐದೂ ದೋಣಿಗಳಲ್ಲಿ ಸಮನಾಗಿ ಕೂತಿರುವುದರಿಂದ ಉಳಿಯುವ ವ್ಯತ್ಯಾಸ ದೋಣಿಯದ್ದೇ. ಗಾಳಿಯೂ ಅಂದಂದಿಗೆ ಎಲ್ಲರಿಗೂ ಒಂದೇ. ನಂಬರು ಅದರಿಂದ ಹುಟ್ಟಲಿ. ಆಗ ನೀನೂ ಹಾಕಿದಂತಲ್ಲ, ನಾನೂ ಹಾಕಿದಂತಲ್ಲ, ಅವರವರ ಕೈಯಿಂದಲೇ ಬಂದಂತೆ.

ಡಾಕ್ಟರು ಆಮೆಯಲ್ಲಿ ಕೂರಲಿ. ನಿಮ್ಮಪ್ಪ ಬೆಳ್ಳಕ್ಕಿಯಲ್ಲಿ ಕೂರಲಿ.

ಉತ್ತರ ಏನೇ ಬರಲಿ, ಸಭೆಯಲ್ಲಿ ಗಟ್ಟಿಯಾಗಿ ಓದು. ಯಾರ ಮುಲಾಜೂ ಬೇಡ. ನನ್ನದೂ ಬೇಡ.

ಭುಜಕ್ಕೆ ಬಿಸಿ ಶಾಖ ಕೊಡಲು ಹೇಳು.

ಅತ್ತೆ


ಜೂನ್ 20

ಅತ್ತೆ,

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಅದಲುಬದಲು ಇಡೀ ಕ್ಲಬ್ಬನ್ನೇ ಬದಲಾಯಿಸಿಬಿಟ್ಟಿತು. ಬೇರೆಯವರ ದೋಣಿಯಲ್ಲಿ ಕೂತ ಮೇಲೆ ಒಬ್ಬರನ್ನೊಬ್ಬರು ನೋಡುವ ಕಣ್ಣೇ ಬೇರೆಯಾಗಿದೆ. ಬೇಕರಿಯವರು ನನ್ನ ಕಿವಿಯಲ್ಲಿ ‘ಬೆಳ್ಳಕ್ಕಿ ಓಡ್ಸೋದೇನು ಕಷ್ಟ ಬಿಡಿ, ಅದೇ ಓಡುತ್ತೆ’ ಅಂದರು. ಡಾಕ್ಟರಿಗೂ ಕೇಳಿಸುವಷ್ಟು ದೊಡ್ಡ ಪಿಸುಮಾತು.

ನಾಲ್ಕನೆಯ ಭಾನುವಾರ ಡಾಕ್ಟರು ಆಮೆಯಲ್ಲಿ, ಅಪ್ಪ ಬೆಳ್ಳಕ್ಕಿಯಲ್ಲಿ. ಅತ್ತೆ, ನೀವು ನೋಡಬೇಕಿತ್ತು. ಅಪ್ಪ ಕೂತ ಕೂಡಲೇ ಆ ದೋಣಿ ತನ್ನ ಯಜಮಾನನನ್ನು ಮರೆತೇಬಿಟ್ಟಿತು. ನಲವತ್ತೇಳು ನಿಮಿಷದಲ್ಲಿ ಓಟ ಮುಗಿಸಿದರು. ಅಷ್ಟು ಬೇಗ ಅದನ್ನು ಯಾರೂ ಓಡಿಸಿಲ್ಲ. ಡಾಕ್ಟರು ಹನ್ನೆರಡು ನಿಮಿಷ ಬಿಟ್ಟು ಬಂದರು, ಕೊನೆಯವರಾಗಿ. ಜೆಟ್ಟಿ ಹತ್ತಿದವರು ಟೋಪಿ ತೆಗೆದು ಅಂಗೈ ನೋಡಿಕೊಂಡು ನಿಂತರು. ಹಗ್ಗದ ಗಾಯ.

‘ಇದರಲ್ಲಿ ನೀವು ನನ್ನ ಹಿಂದೆ ನಾಲ್ಕೇ ನಿಮಿಷಕ್ಕೆ ಬರ್ತಿದ್ರಾ?’ ಅಂತ ಅಪ್ಪನನ್ನು ಕೇಳಿದರು.

‘ವಯಸ್ಸಾದೋರ ಹಾಗೆ ಡಾಕ್ಟ್ರೆ ಅದು. ತಿರುಗು ಅಂತ ಸ್ವಲ್ಪ ಮುಂಚೆ ಹೇಳಿಟ್ರೆ ತಿರುಗುತ್ತೆ’ ಅಂದರು ಅಪ್ಪ.

ಡಾಕ್ಟರು ನಗಲಿಲ್ಲ. ಅಪ್ಪನ ಎರಡೂ ಕೈ ಹಿಡಿದುಕೊಂಡರು. ಕಪ್ಪನ್ನು ಎಂಟು ಸಲ ಎತ್ತಿದ ಮನುಷ್ಯ. ಅವರ ಬಗ್ಗೆ ನಾನು ಹಿಂದೆ ಆಡಿದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ.

ಐದು ಓಟ ಸೇರಿ ಬೆಳ್ಳಕ್ಕಿಗೆ ಇನ್ನೂರೈವತ್ತು ನಿಮಿಷ, ಆಮೆಗೆ ಇನ್ನೂರ ಎಂಬತ್ತೊಂದು. ನಂಬರು 1124 ಆಗಬೇಕು. ನಾನು ಸಭೆಗೆ ಇಡುವ ಹಾಳೆಯಲ್ಲಿ 1115 ಬರೆದಿಟ್ಟಿದ್ದೇನೆ. ಒಂಬತ್ತು ಅಂಕಿ ಹೋದರೆ ಹೋಗಲಿ, ಮಗಳು ಅಪ್ಪನಿಗೆ ಕೊಟ್ಟಳು ಅಂತ ಯಾರೂ ಬಾಯಿ ಬಿಡಬಾರದು.

ಈಗ ಕೆಟ್ಟ ಮಾತು. ಉಳಿದ ನಾಲ್ಕು ನಂಬರುಗಳಲ್ಲಿ ಕೂದಲೆಳೆಯಷ್ಟೂ ತಪ್ಪದ ನೀವು ಇದೊಂದರಲ್ಲಿ ಅರವತ್ತು ಅಂಕಿ ತಪ್ಪುತ್ತೀರಾ? ನಾನು ನಂಬುವುದಿಲ್ಲ. ಏಪ್ರಿಲಿನಲ್ಲಿ ಕೇಳಿದೆ, ನೀವು ಪೆನ್ನಿನ ಕಥೆ ಹೇಳಿದಿರಿ. ನಿಮಗೆ ಅಪ್ಪನ ಮೇಲೆ ಏನು ಸಿಟ್ಟಿತ್ತು ಅತ್ತೆ? ಓದು ಬಿಟ್ಟು ಉಳಿ ಹಿಡಿದರು ಅಂತಲೇ? ಇಪ್ಪತ್ತೆರಡು ವರ್ಷ ಆ ಮನುಷ್ಯ ಪ್ರತಿ ಭಾನುವಾರ ನಗುನಗುತ್ತಾ ಸೋತು ಬಂದಿದ್ದಾರೆ. ಅಂಗಡಿಯಲ್ಲಿ ಗಿರಾಕಿಗೆ ತಪ್ಪು ಔಷಧಿ ಕೊಟ್ಟರೆ ನನ್ನ ಕೈ ನಡುಗುತ್ತದೆ. ನಿಮ್ಮ ಕೈ ಒಂದು ಸಲವೂ ನಡುಗಲಿಲ್ಲವೇ?

ಈ ಕಾಗದ ಹರಿದು ಇನ್ನೊಂದು ಬರೆಯೋಣ ಅಂದುಕೊಂಡೆ. ಬರೆಯುವುದಿಲ್ಲ.


ಜೂನ್ 27

ಗುಳಿಗೆ,

ನಿನ್ನ ಕಾಗದದಲ್ಲಿ ಪೂರ್ಣವಿರಾಮಗಳೆಲ್ಲ ಸರಿಯಾಗಿವೆ. ಸಿಟ್ಟು ಬಂದಾಗ ನೀನು ಚೆನ್ನಾಗಿ ಬರೆಯುತ್ತೀಯ.

ಕೈತಪ್ಪಲ್ಲ. ಬೇಕೆಂದೇ ಬರೆದೆ. ಆಮೆ ನೀರಿಗಿಳಿದ ತಿಂಗಳು ಅದನ್ನು ನಾಲ್ಕು ಸಲ ಓಡಿಸಿ ನೋಡಿ ನಾನು ಹಾಕಿದ ನಂಬರು 1120. ಹಾಳೆ ಹಿಡಿದು ಸಭೆಗೆ ಹೊರಟಿದ್ದೆ. ಮೆಟ್ಟಿಲ ಬಳಿ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು: ‘ಅಕ್ಕನ ಕೈಯಲ್ಲಿ ಗಡಿಯಾರ, ತಮ್ಮನ ಕೈಯಲ್ಲಿ ಚುಕ್ಕಾಣಿ. ಇನ್ನು ನಾವ್ಯಾಕೆ ಓಡಬೇಕು?’ ನಾನು ಒಳಗೆ ಹೋಗುವ ಮೊದಲು ನಿಂತಲ್ಲೇ 1060 ಮಾಡಿದೆ.

ಇದು ಹೊಸದಲ್ಲ. ಅವನು ನನ್ನ ತರಗತಿಯಲ್ಲಿ ಎರಡು ವರ್ಷ ಓದಿದ. ಆಗಲೂ ಅವನ ಉತ್ತರಪತ್ರಿಕೆಯಲ್ಲಿ ಒಂದು ಮಾರ್ಕು ಕಡಿಮೆ ಹಾಕಿಯೇ ಕೊಡುತ್ತಿದ್ದೆ. ಮಿಸ್ಸಿನ ತಮ್ಮ ಅಂತ ಯಾರೂ ಅನ್ನಬಾರದಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಾನು ಆ ಗಿಡಕ್ಕೆ ನೀರೂ ಹಾಕಲಿಲ್ಲ. ನ್ಯಾಯ ಅಂದರೆ ನನ್ನವರಿಗೆ ಕಡಿಮೆ ಕೊಡುವುದು ಅಂತ ತಿಳಿದಿದ್ದೆ.

ಒಂದು ಸೀಸನ್ ಕಳೆದ ಮೇಲೆ ಸರಿಪಡಿಸೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಅವನು ಅದೇ ನಂಬರಿನಲ್ಲಿ ಎರಡನೆಯವನಾಗಿ ಬಂದ. ಹೆಡ್‌ಮಿಸ್ ನಂಬರು ಎಷ್ಟು ಸರಿಯಾಗಿದೆ ನೋಡಿ ಅಂತ ಜನ ನನ್ನನ್ನೇ ಹೊಗಳಿದರು. ಅವನ ಕೈಚಳಕ ನನ್ನ ಸುಳ್ಳಿಗೆ ಸಾಕ್ಷಿಯಾಯಿತು. ಆಮೇಲೆ ತಿದ್ದುವುದೆಂದರೆ ಸುಳ್ಳು ಬರೆದೆ ಅಂತ ಒಪ್ಪಿಕೊಳ್ಳಬೇಕು, ಆಗ ಉಳಿದ ನಂಬರುಗಳನ್ನೂ ಯಾರು ನಂಬುತ್ತಾರೆ? ಹೀಗೆ ವರ್ಷಗಳು ಉರುಳಿದವು. ನಿನ್ನ ಏಪ್ರಿಲಿನ ಕಾಗದ ಬಂದಾಗ ಪೆನ್ನು ಕೈಯಲ್ಲೇ ಇತ್ತು, ಧೈರ್ಯ ಇರಲಿಲ್ಲ. ನಾನಾಗಿ ಹೇಳಲು ಬಾಯಿ ಬಾರದ್ದನ್ನು ದೋಣಿಗಳಾದರೂ ಹೇಳಲಿ ಅಂತ ಅದಲುಬದಲಿನ ದಾರಿ ತೋರಿಸಿದೆ.

ಕೈ ನಡುಗಲಿಲ್ಲವೇ ಅಂತ ಕೇಳಿದ್ದೀಯ. ಬೇರೆ ಲಕೋಟೆಯಲ್ಲಿ ನನ್ನ ನೋಟುಬುಕ್ಕು ಕಳಿಸಿದ್ದೇನೆ. ಅದರಲ್ಲಿ ಶಾಯಿಯ ಪಕ್ಕ ಪೆನ್ಸಿಲಿನದ್ದೊಂದು ಸಾಲಿದೆ. ಪ್ರತಿ ಭಾನುವಾರ ಮನೆಗೆ ಬಂದು 1120ರಲ್ಲಿ ಅವನ ಸಮಯ ಲೆಕ್ಕ ಹಾಕುತ್ತಿದ್ದೆ ಅಂತ ಅನ್ನಿಸಬಹುದು. ಇಲ್ಲ, ಜೆಟ್ಟಿಯ ಮೇಲೆ, ಕುರ್ಚಿಯಲ್ಲೇ, ಅವನು ಗೆರೆ ದಾಟಿದ ಕೂಡಲೇ ಮೊದಲು ಪೆನ್ಸಿಲು, ಆಮೇಲೆ ಶಾಯಿ. ಅವನು ನಿಜವಾಗಿ ಗೆದ್ದ ದಿನ ಒಂದು ಚುಕ್ಕೆ ಇಟ್ಟಿದ್ದೇನೆ.

ನೀನು 1115 ಬರೆದ ಹಾಳೆಯನ್ನು ಹರಿದುಹಾಕು. ಒಂಬತ್ತು ಅಂಕಿಯಲ್ಲೇ ಶುರುವಾಗುವುದು ಇದು. ನನ್ನ ಕಾಗದವನ್ನು ಸಭೆಯಲ್ಲಿ ಓದು. ನಿಮ್ಮಪ್ಪನಿಗೂ ತೋರಿಸು. ಅವನ ಮುಖ ನೋಡುವ ಧೈರ್ಯ ನನಗಿಲ್ಲ.

ಅತ್ತೆ


ಆಗಸ್ಟ್ 18

ನನ್ನ ಪ್ರೀತಿಯ ಅತ್ತೆ,

ಏಳು ವಾರ ಸುಮ್ಮನಿದ್ದದ್ದು ಸಿಟ್ಟಿಗಲ್ಲ. ಕಪ್ಪಿನ ಓಟ ಮುಗಿಸಿ ಎಲ್ಲವನ್ನೂ ಒಟ್ಟಿಗೆ ಬರೆಯಬೇಕೆಂದಿದ್ದೆ.

1115 ಹರಿದುಹಾಕಿದೆ. ಆ ಹಾಳೆಯಲ್ಲಿ ನನ್ನ ಅಕ್ಷರ ನಿಮ್ಮದರ ಹಾಗೇ ಕಂಡಿತು, ಹೆದರಿಕೆಯಾಯಿತು. ಐದು ಓಟದ ಸಮಯವನ್ನೂ ನಿಮ್ಮ ಕಾಗದವನ್ನೂ ಸಭೆಯಲ್ಲಿ ಓದಿ, ಮತ ಹಾಕುವಾಗ ಹೊರಗೆ ಹೋಗಿ ನಿಂತೆ. ಎರಡು ನಿಮಿಷಕ್ಕೆ ಬೇಕರಿಯವರೇ ಬಂದು ಕರೆದರು. ಎಲ್ಲ ಕೈಗಳೂ 1124ಕ್ಕೆ. ವರ್ಷಕ್ಕೊಮ್ಮೆ ಅದಲುಬದಲು ಮಾಡಿಯೇ ನಂಬರು ಹಾಕಬೇಕು ಅಂತ ಬರೆದೂ ಇಟ್ಟರು. ಹಳೆಯ ಬೋರ್ಡು ತಿದ್ದೋಣ ಅಂತ ಡಾಕ್ಟರು ಎದ್ದು ನಿಂತರು, ಅದರಲ್ಲಿ ಹೆಚ್ಚು ಅಳಿಸಬೇಕಾದದ್ದು ಅವರದ್ದೇ ಗೆಲುವು. ಅಪ್ಪ ಕೂತಲ್ಲಿಂದಲೇ ಬೇಡ ಅಂದರು. ಅಂದಿನ ನಿಯಮಕ್ಕೆ ಅಂದು ಗೆದ್ದವರು ಗೆದ್ದಿದ್ದಾರೆ, ಅದನ್ನು ಮುಟ್ಟಬಾರದಂತೆ.

ನಿಮ್ಮ ಬಗ್ಗೆ ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಬೇಕರಿಯವರು ಮಾತ್ರ, ‘ನನಗೂ ಇಂಥ ಅಕ್ಕ ಇದ್ದಿದ್ರೆ ಇಷ್ಟೊತ್ತಿಗೆ ದೋಣಿ ಮಾರಿ ಮನೇಲಿ ಕೂರ್ತಿದ್ದೆ’ ಅಂದರು.

ನೋಟುಬುಕ್ಕನ್ನು ಅಪ್ಪನ ವರ್ಕ್‌ಶಾಪಿಗೆ ತೆಗೆದುಕೊಂಡು ಹೋದೆ. ಚುಕ್ಕೆಗಳನ್ನು ನಾನು ಎಣಿಸಿಕೊಂಡೇ ಹೋಗಿದ್ದೆ. ಅರವತ್ತೊಂದು. ಅದರಲ್ಲಿ ಏಳು ಕಪ್ಪಿನ ಓಟ. ಅಪ್ಪ ಕೈಯ ಮರದ ಪುಡಿ ಒರೆಸಿಕೊಂಡು ಒಂದೊಂದೇ ಹಾಳೆ ತಿರುಗಿಸಿದರು. ಅವರಿಗೆ ಎದೆ ಒಡೆಯುತ್ತದೆ ಅಂತ ನಾನು ನೀರಿನ ಲೋಟ ಹಿಡಿದು ನಿಂತಿದ್ದೆ.

‘ಅರವತ್ತೆರಡು’ ಅಂದರು.

ಅತ್ತೆ, ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ದೋಣಿ ಕಟ್ಟಿದವನಿಗೆ ಅದರ ವೇಗ ಗೊತ್ತಿರುವುದಿಲ್ಲವೇ ಅಂತ ನನ್ನನ್ನೇ ಕೇಳಿದರು. ಯಾಕೆ ಬಾಯಿ ಬಿಡಲಿಲ್ಲ ಅಂದೆ. ಅವರು ಅಂದ ಮಾತನ್ನು ಹಾಗೇ ಬರೆಯುತ್ತೇನೆ: ‘ಅಕ್ಕ ಬರೆದದ್ದನ್ನ ಯಾರೂ ಪ್ರಶ್ನೆ ಮಾಡ್ತಿರಲಿಲ್ಲ. ಅದಕ್ಕೇ ಇಷ್ಟು ವರ್ಷ ಜಗಳ ಇಲ್ದೆ ಓಟ ನಡೀತು. ತಮ್ಮನೇ ಪ್ರಶ್ನೆ ಮಾಡಿದ್ರೆ ಉಳಿದವರು ಬಿಡ್ತಿದ್ರಾ? ಆಮೇಲೆ, ನಾನು ಗೆದ್ದ ದಿನ ನನಗೆ ತಿಳೀತಿತ್ತು.’

ಹೇಗೆ ಅಂದೆ. ‘ನಾನು ಗೆದ್ದ ದಿನ ಅಕ್ಕ ಕುರ್ಚಿಯಿಂದ ಇಳಿದು ಬಂದು ಹಾಯಿ ಮಡಚೋಕೆ ಕೂರ್ತಿದ್ದಳು’ ಅಂದರು. ಬೇರೆ ದಿನ ಬರುತ್ತಿರಲಿಲ್ಲವಂತೆ. ನೀವು ಒಂದು ತುದಿ, ಅವರು ಒಂದು ತುದಿ, ಇಬ್ಬರೂ ಒಂದು ಮಾತೂ ಆಡದೆ ಮಡಚಿ ಮುಗಿಸುತ್ತಿದ್ದಿರಂತೆ. ಅರವತ್ತೆರಡು ಸಲ. ಅವರು ಅದನ್ನು ಎಣಿಸಿಟ್ಟಿದ್ದಾರೆ. ಯಾರನ್ನೂ ಆ ಹಾಯಿ ಮುಟ್ಟಲು ಯಾಕೆ ಬಿಡುವುದಿಲ್ಲ ಅನ್ನುವುದು ನನಗೆ ಆಗ ತಿಳಿಯಿತು. ನಿಮ್ಮಿಬ್ಬರನ್ನೂ ನೆನೆದು ಅಲ್ಲೇ ಮರದ ಪುಡಿಯ ಮೇಲೆ ಕೂತು ಅತ್ತುಬಿಟ್ಟೆ. ಇಂಥವರ ಹೊಟ್ಟೆಯಲ್ಲಿ ಹುಟ್ಟಿ, ಇಂಥವರ ಮಡಿಲಲ್ಲಿ ಬೆಳೆದೆನಲ್ಲ ಅಂತ ಹೆಮ್ಮೆಯಾಯಿತು. ನೀರನ್ನು ಕೊನೆಗೆ ನಾನೇ ಕುಡಿದೆ.

ಮೊನ್ನೆ ಭಾನುವಾರ ಕಪ್ಪಿನ ಓಟ. ಗಾಳಿ ಚೆನ್ನಾಗಿತ್ತು. ಡಾಕ್ಟರು ಐವತ್ತೆರಡು ನಿಮಿಷ ಹತ್ತು ಸೆಕೆಂಡಿಗೆ ಗೆರೆ ದಾಟಿದರು. ಅಪ್ಪ ನೀರಿನಲ್ಲಿ ತೇಲಿಸಿಟ್ಟ ಕೊನೆಯ ಕಿತ್ತಳೆ ಗುರುತನ್ನು ಸುತ್ತಿ ತಿರುಗುವಾಗ ಎಡಗೈಯಲ್ಲೇ ಹಗ್ಗ ಎಳೆಯುತ್ತಿದ್ದರು, ಬಲಗೈ ಸೋತುಹೋಗಿತ್ತು. ನಾಲ್ಕನೆಯವರಾಗಿ ಬಂದರು, ಐವತ್ತೆಂಟು ನಿಮಿಷ ಇಪ್ಪತ್ತು ಸೆಕೆಂಡು. ನಾನು ಮೂರು ಸಲ ಭಾಗಿಸಿದೆ. ಹದಿನಾರು ಸೆಕೆಂಡಿನಿಂದ ಆಮೆ. ನಾನು ಬರೆದಿಟ್ಟಿದ್ದ 1115 ಇದ್ದಿದ್ದರೆ ಒಂಬತ್ತು ಸೆಕೆಂಡಿನಿಂದ ಬೆಳ್ಳಕ್ಕಿ.

ಫಲಿತಾಂಶವನ್ನು ಇನ್ನೂ ಕೂಗಿರಲಿಲ್ಲ. ಅಪ್ಪ ದೋಣಿ ಕಟ್ಟಿ, ಹಾಯಿ ಇಳಿಸಿ, ಒದ್ದೆ ಬಟ್ಟೆಯನ್ನು ಜೆಟ್ಟಿಯ ಮೇಲೆ ಹರಡಿ ಮಂಡಿಯೂರಿ ಕೂತಿದ್ದರು. ಬೋರ್ಡಿನ ಕಡೆ ನೋಡಲಿಲ್ಲ. ನಾನು ಕುರ್ಚಿಯಿಂದ ಇಳಿದು ಹೋಗಿ ಹಾಯಿಯ ಇನ್ನೊಂದು ತುದಿ ಹಿಡಿದೆ. ಅಪ್ಪ ನನ್ನ ಕೈ ನೋಡಿದರು, ಮುಖ ನೋಡಿದರು. ಈ ಸಲ ಬೇಡ ಅನ್ನಲಿಲ್ಲ. ಇಬ್ಬರೂ ಮಾತಾಡದೆ ಮಡಚಿದೆವು.

ಬೋರ್ಡಿಗೆ ಬರೆಯುವವರು ಮುಂದಿನ ವಾರ ಬರುತ್ತಾರೆ. ಮಂಡಿ ನೋವು ಅಂತ ನೆಪ ಹೇಳದೆ ನೀವು ಬರಬೇಕು. ಅಪ್ಪ ಅಡುಗೆಮನೆಯ ಪಕ್ಕದ ಕೋಣೆಯ ಬಾಗಿಲ ಹೊಸ್ತಿಲನ್ನು ನಿಮ್ಮ ಕಾಲಿಗೆ ತಾಗದ ಹಾಗೆ ಕೆತ್ತಿ ಸಮ ಮಾಡಿಟ್ಟಿದ್ದಾರೆ.

ಒಂದೇ ಅನುಮಾನ. ನೋಟುಬುಕ್ಕನ್ನು ಮತ್ತೆ ಎರಡು ಸಲ ಎಣಿಸಿದೆ, ಚುಕ್ಕೆ ಅರವತ್ತೊಂದೇ. ಅಪ್ಪ ಅರವತ್ತೆರಡೇ ಅಂತ ಹಟ ಹಿಡಿದಿದ್ದಾರೆ. ಯಾರ ಎಣಿಕೆ ತಪ್ಪು?

ನಿಮ್ಮ ಗುಳಿಗೆ


ಆಗಸ್ಟ್ 24

ಚಿ. ಗುಳಿಗೆಗೆ,

ಅವನಿಗೆ ಗೊತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ. ನಿನ್ನ ಕಾಗದವನ್ನು ಮಗಳ ಕೈಲಿ ಓದಿಸಿದೆ. ನನ್ನ ಕನ್ನಡಕದಲ್ಲಿ ಸರಿಯಾಗಿ ಕಾಣಿಸುತ್ತಿರಲಿಲ್ಲ. ಶುಕ್ರವಾರದ ಬಸ್ಸಿಗೆ ಬರುತ್ತೇನೆ.

ಎಣಿಕೆ ಇಬ್ಬರದ್ದೂ ಸರಿ. ನಾನು ಆ ಊರು ಬಿಡುವ ಹಿಂದಿನ ಭಾನುವಾರ ಅವನು ಶಾಯಿಯಲ್ಲೂ ಗೆದ್ದಿರಲಿಲ್ಲ, ಪೆನ್ಸಿಲಿನಲ್ಲೂ ಗೆದ್ದಿರಲಿಲ್ಲ. ಐದರಲ್ಲಿ ಐದನೆಯವನಾಗಿ ಬಂದ. ಇನ್ನು ಆ ಜೆಟ್ಟಿಗೆ ಬರುವುದಿಲ್ಲವಲ್ಲ ಅಂತ ನಾನೇ ಇಳಿದು ಹೋಗಿ ಹಾಯಿ ಮಡಚಿದೆ.

ಇದನ್ನು ಅವನಿಗೆ ಹೇಳಬೇಡ. ಜೀವಮಾನದಲ್ಲಿ ಅವನಿಗೆ ಒಂದೇ ಒಂದು ಮಾರ್ಕು ಜಾಸ್ತಿ ಹಾಕಿದ್ದೇನೆ. ತಿದ್ದಬೇಡ.

ಅತ್ತೆ